ಬೇರೆಯವರ ಕೈ ಕಾಣಬಾರದು

ಮಾರ್ಚ್ ೫

ಅಪ್ಪನಿಗೆ ನಮಸ್ಕಾರ.

ನಾಲ್ಕು ತಿಂಗಳಿಂದ ನಾನು ನಿಮಗೆ ಬರೆದಿಲ್ಲ. ಕಾರಣ ಬರೆಯಲು ಕೂತರೆ ಈ ಪತ್ರವೂ ಹೋಗುವುದಿಲ್ಲ, ಅದಕ್ಕೇ ಬಿಡುತ್ತೇನೆ. ಫೋನಿನಲ್ಲಿ ನಿಮಗೆ ಕಿವಿ ಕೇಳಿಸದಿರುವುದು ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು.

ನಿಮ್ಮ ಕಸುಬಿನ ವಿಷಯಕ್ಕೇ ಬರೆಯುತ್ತಿದ್ದೇನೆ. ಮಗುವಿಗೆ ಪಾಸ್‌ಪೋರ್ಟ್ ಮಾಡಿಸಬೇಕು. ಜೂನ್ ಇಪ್ಪತ್ತಕ್ಕೆ ನಮ್ಮವರ ಅಕ್ಕ ಪರದೇಶದಿಂದ ಬಂದು ಮಗುವನ್ನು ಕರೆದುಕೊಂಡು ಹೋಗುತ್ತಾರೆ, ಸಾಕಿಕೊಳ್ಳುವುದಕ್ಕೆ. ಅವರಿಗೆ ಮಕ್ಕಳಿಲ್ಲ. ತಮ್ಮ ಹೋದ ಮೇಲೆ ತಮ್ಮನ ಮಗುವಾದರೂ ಇರಲಿ ಎನ್ನುತ್ತಾರೆ. ಒಳ್ಳೆಯವರು. ಈಗಲೇ ಒಂದು ಕೋಣೆಗೆ ಬಣ್ಣ ಹೊಡೆಸಿದ್ದಾರಂತೆ. ನಾನು ಒಪ್ಪಿದ್ದೇನೆ. ಕಾಗದಪತ್ರವನ್ನು ವಕೀಲರು ನೋಡಿಕೊಳ್ಳುತ್ತಿದ್ದಾರೆ. ನನ್ನ ರಜೆ ಜೂನ್ ಕೊನೆಗೆ ಮುಗಿಯುತ್ತದೆ, ಮತ್ತೆ ಲ್ಯಾಬಿಗೆ ಹೋಗಬೇಕು.

ಫೋಟೋ ಎರಡು ಸಲ ವಾಪಸ್ ಬಂತು. ಇಲ್ಲಿನ ಸ್ಟುಡಿಯೋದವನು ಫ್ಲ್ಯಾಶ್ ಹೊಡೆದ, ಮಗು ಅತ್ತಿತು, ಇನ್ನೊಂದು ಸಲ ಹೊಡೆದ, ಇನ್ನೂ ಜೋರಾಗಿ ಅತ್ತಿತು. "ಮನೇಲೇ ತಕ್ಕೊಂಡು ಬನ್ನಿ ಮೇಡಂ, ನಾನು ಪ್ರಿಂಟ್ ಹಾಕಿಕೊಡ್ತೀನಿ" ಎಂದ. ಹಿಂದೆ ಬಿಳಿ ಬಣ್ಣ ಇರಬೇಕು, ಎರಡೂ ಕಣ್ಣು ತೆರೆದಿರಬೇಕು, ಬಾಯಿ ಮುಚ್ಚಿರಬೇಕು, ನೆರಳು ಬೀಳಬಾರದು, ಬೇರೆಯವರ ಕೈ ಕಾಣಬಾರದು. ಮಗುವಿಗೆ ಇನ್ನೂ ಕತ್ತೇ ನಿಂತಿಲ್ಲ. ಹೇಗೆ ತೆಗೆಯುವುದು ತಿಳಿಸಿ.

ನೀವು ಬರುವುದು ಬೇಡ. ಬಂದರೆ ಮಾತಾಡಬೇಕಾಗುತ್ತದೆ.

ಇತಿ,
ನಿಮ್ಮ ಮಗಳು

*

ಮಾರ್ಚ್ ೧೧

ಚಿ. ಮೊಂಡಿಗೆ ಆಶೀರ್ವಾದ.

ಮೇಲೆ ಹೊಡೆದುಹಾಕಿರುವುದನ್ನು ನೋಡಿ ಕೋಪಿಸಿಕೊಳ್ಳಬೇಡ. ನಿನಗೆ ಮದುವೆಯಾದಾಗಿನಿಂದ ಬರೆದು ಬರೆದು, "ಚಿ. ಸೌ." ಎಂದು ಕೈ ತಾನಾಗಿ ಬರೆದುಬಿಟ್ಟಿತು. ಬೇರೆ ಹಾಳೆ ತೆಗೆದುಕೊಂಡೆ, ಅದರಲ್ಲೂ ಹಾಗೇ ಆಯಿತು. ಮೂರನೆಯದನ್ನೂ ಹಾಳು ಮಾಡುವುದು ಬೇಡವೆಂದು ಇದನ್ನೇ ಕಳಿಸುತ್ತಿದ್ದೇನೆ.

ಫ್ಲ್ಯಾಶ್ ಹೊಡೆದನಂತಾ? ಮೂರು ತಿಂಗಳ ಕೂಸಿಗೆ? ಅವನ ತಲೆ! ಕ್ಯಾಮೆರಾ ಹಿಡಿದವರೆಲ್ಲ ಫೋಟೋಗ್ರಾಫರ್ ಆಗಿಬಿಟ್ಟರು ನೋಡು. ಈಗ ನಾನು ಹೇಳಿದ ಹಾಗೆ ಮಾಡು. ಬೆಳಿಗ್ಗೆ ಹತ್ತರ ಸುಮಾರಿಗೆ ಕಿಟಕಿಯ ಹತ್ತಿರ, ಆದರೆ ಬಿಸಿಲು ನೇರವಾಗಿ ಬೀಳದ ಕಡೆ, ನೆಲದ ಮೇಲೆ ಬಿಳಿ ಬೆಡ್‌ಶೀಟು ಹಾಸು. ಇಸ್ತ್ರಿ ಮಾಡಿದ್ದಿರಲಿ, ಮಡಿಕೆಯ ಗೆರೆಯನ್ನೂ ನೆರಳು ಅನ್ನುವ ಜನ ಅವರು. ಮಗುವಿನ ಹೊಟ್ಟೆ ತುಂಬಿರಬೇಕು, ನಿದ್ದೆ ಬಂದಿರಬಾರದು. ಈ ಎರಡರ ನಡುವೆ ಹತ್ತು ನಿಮಿಷ ಸಿಗುತ್ತದೆ. ನಮ್ಮ ಕಸುಬೆಲ್ಲ ಆ ಹತ್ತು ನಿಮಿಷದ್ದು. ಗಿಲಕಿ ಆಡಿಸಬೇಡ, ಬಾಯಿ ತೆರೆದುಬಿಡುತ್ತದೆ. ನಿನ್ನ ಮುಖವನ್ನು ಲೆನ್ಸಿನ ಪಕ್ಕದಲ್ಲಿಟ್ಟುಕೊಂಡು ಸುಮ್ಮನೆ ಅವನನ್ನು ನೋಡು. ಮಗು ಕ್ಯಾಮೆರಾ ನೋಡುವುದಿಲ್ಲ, ಮುಖ ನೋಡುತ್ತದೆ.

ಮಿಕ್ಕ ವಿಷಯವನ್ನೂ ಓದಿದೆ. ನಾನು ಹೇಳುವುದು ಏನಿದೆ, ನೀನು ಓದಿದವಳು. ಜೂನ್ ಇಪ್ಪತ್ತು ಯಾವ ವಾರ ಬರುತ್ತದೆ ಎಂದು ಕ್ಯಾಲೆಂಡರ್ ತಿರುವಿದೆ, ಸುಮ್ಮನೆ.

ನವೆಂಬರಿನಲ್ಲಿ ಅಳಿಯಂದಿರ ಫೋಟೋ ದೊಡ್ಡದು ಮಾಡಿ ಕಟ್ಟು ಹಾಕಿಸಿ ಕಳಿಸಿದ್ದೆ. ತಲುಪಿತೋ ಇಲ್ಲವೋ ನೀನು ಬರೆಯಲೇ ಇಲ್ಲ. ಗಾಜು ಒಡೆದಿರಲಿಲ್ಲ ತಾನೇ?

ಇತಿ,
ಅಪ್ಪ

*

ಮಾರ್ಚ್ ೨೭

ಅಪ್ಪನಿಗೆ ನಮಸ್ಕಾರ.

ಕಟ್ಟು ಹಾಕಿದ ಫೋಟೋ ತಲುಪಿದೆ. ಗಾಜು ಒಡೆದಿಲ್ಲ.

ನೀವು ಹೇಳಿದ ಹಾಗೆ ಮಾಡಿದೆ. ಕೆಳಗಿನ ಮನೆಯ ಟೈಲರಮ್ಮ ಬೆಡ್‌ಶೀಟಿಗೆ ಇಸ್ತ್ರಿ ಹಾಕಿಕೊಟ್ಟರು. ಒಂಬತ್ತು ದಿನ, ದಿನಕ್ಕೆ ಇಪ್ಪತ್ತೋ ಮೂವತ್ತೋ ಫೋಟೋ. ಮಗು ಹುಬ್ಬು ಗಂಟಿಕ್ಕಿಕೊಂಡೇ ಇರುತ್ತದೆ. ಟೈಲರಮ್ಮ ಅವನನ್ನು "ಸಾಹೇಬ್ರು" ಎಂದು ಕರೆಯುತ್ತಾರೆ. "ಸಾಹೇಬ್ರೇ, ಯಾರ ಅರ್ಜಿ ವಾಪಸ್ ಹಾಕಿದ್ರಿ ಇವತ್ತು?" ಎಂದು ಕೇಳುತ್ತಾರೆ. ನನಗೂ ನಗಬೇಕು ಎನಿಸುತ್ತದೆ, ಎನಿಸುವಷ್ಟರಲ್ಲಿ ಅದು ಮುಗಿದಿರುತ್ತದೆ.

ಮೇಲಿನಿಂದ ತೆಗೆದರೆ ನನ್ನ ನೆರಳು ಬೀಳುತ್ತದೆ. ಪಕ್ಕದಿಂದ ತೆಗೆದರೆ ಒಂದೇ ಕಿವಿ ಬರುತ್ತದೆ. ಅವನ ಮುಖವನ್ನು ಸುಮ್ಮನೆ ನೋಡು ಎಂದು ಬರೆದಿದ್ದಿರಿ. ಫೋನಿನ ಪರದೆಯಲ್ಲಾದರೆ ನೋಡುತ್ತೇನೆ. ಹಾಗೇ ನೋಡಲು ಆಗುವುದಿಲ್ಲ. ಕಷ್ಟ ಎಂದಲ್ಲ, ಕಣ್ಣು ತಾನಾಗಿ ಬೇರೆ ಕಡೆ ಹೋಗುತ್ತದೆ.

ಕೊನೆಗೆ ಕತ್ತಿನ ಕೆಳಗೆ ಕೈ ಕೊಟ್ಟು ಒಂದು ತೆಗೆದೆ, ಚೆನ್ನಾಗಿ ಬಂತು ಎಂದುಕೊಂಡು ಕಚೇರಿಗೆ ತೆಗೆದುಕೊಂಡು ಹೋದೆ. ಕೌಂಟರಿನಲ್ಲಿ ಒಬ್ಬ ಹೆಂಗಸು ಇದ್ದರು. ಭೂತಗನ್ನಡಿ ಇಟ್ಟು ನೋಡಿದರು.

"ಕಿವಿ ಪಕ್ಕ ಬೆರಳು ಕಾಣ್ತಿದೆ. ಯಾರದಿದು?"

"ನಂದು."

"ಬೇರೆಯವರ ಕೈ ಕಾಣಬಾರದು ಅಂತ ಬರೆದಿದೆಯಲ್ಲಮ್ಮಾ."

"ನಾನು ತಾಯಿ."

"ತಾಯಿ ಆದ್ರೂ ಬೇರೆಯವರೇ" ಎಂದರು. ಬೈಯುವ ದನಿಯಲ್ಲಿ ಹೇಳಲಿಲ್ಲ. ನಾನು ಸರಿ ಎಂದು ಅರ್ಜಿ ವಾಪಸ್ ತೆಗೆದುಕೊಂಡು ಬಂದೆ.

ಇನ್ನೇನಾದರೂ ಉಪಾಯ ಇದ್ದರೆ ಬರೆಯಿರಿ.

ಇತಿ,
ಮಗಳು

*

ಏಪ್ರಿಲ್ ೨

ಚಿ. ಮೊಂಡಿಗೆ ಆಶೀರ್ವಾದ.

ಉಪಾಯ ಇದೆ. ನನ್ನ ಬುದ್ಧಿಗೆ ಮಂಕು ಕವಿದಿತ್ತು, ಮೊದಲೇ ಹೇಳಬೇಕಿತ್ತು.

ಬೆನ್ನಿರುವ ಕುರ್ಚಿಯ ಮೇಲೆ ನೀನು ಕೂತುಕೊ. ತಲೆಯಿಂದ ಕಾಲಿನವರೆಗೆ ನಿನ್ನ ಮೇಲೆ ಬಿಳಿ ಬೆಡ್‌ಶೀಟು ಹೊದಿಸಿಕೊ, ಕುರ್ಚಿಯೂ ಮುಚ್ಚುವ ಹಾಗೆ. ಮಗುವನ್ನು ಬಟ್ಟೆಯ ಮೇಲಿನಿಂದ ನಿನ್ನ ಮಡಿಲಿನಲ್ಲಿ ಕೂರಿಸಲಿ. ನೀನು ಒಳಗಿನಿಂದಲೇ ಅವನ ಬೆನ್ನು, ಕತ್ತು ಹಿಡಿದುಕೊ. ಫೋಟೋ ಟೈಲರಮ್ಮ ತೆಗೆಯಲಿ. ನಿನ್ನ ಅಮ್ಮ ಇದ್ದಾಗ ನಮ್ಮ ಸ್ಟುಡಿಯೋದಲ್ಲಿ ಊರಿನ ಅರ್ಧ ಮಕ್ಕಳು ಹೀಗೆ ಅವಳ ಮಡಿಲಲ್ಲಿ ಕೂತು ಫೋಟೋ ತೆಗೆಸಿಕೊಂಡಿದ್ದಾವೆ. ಹೆತ್ತವರಾದರೆ ಒಳಗೆ ಅಲುಗಾಡುತ್ತಾರೆ, ಇವಳು ಕಲ್ಲಿನ ಹಾಗೆ ಕೂರುತ್ತಿದ್ದಳು. ಒಂದು ಸಲ ಒಳಗಿನಿಂದ ಸೀನಿಬಿಟ್ಟಳು ನೋಡು, ಮಗುವಿನ ಅಜ್ಜಿ "ಬಟ್ಟೆ ಸೀನ್ತು!" ಎಂದು ಚಪ್ಪಲಿ ಬಿಟ್ಟು ಓಡಿದರು. ಆ ಚಪ್ಪಲಿ ಒಂದು ತಿಂಗಳು ನಮ್ಮ ಬಾಗಿಲಲ್ಲೇ ಇತ್ತು.

ಫೋಟೋ ಸರಿಯಾಗಿ ಬಂದರೆ ಸ್ಟುಡಿಯೋದ ಫೋನಿಗೆ ಕಳಿಸು, ನಾನೇ ಪ್ರಿಂಟ್ ಹಾಕಿ ಅಂಚೆಗೆ ಹಾಕುತ್ತೇನೆ. ಅಲ್ಲಿನವನ ಕೈಗೆ ಕೊಡಬೇಡ.

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯುವುದು ನನಗೆ ಬರುವುದಿಲ್ಲ, ಅದಕ್ಕೇ ನೇರ ಕೇಳುತ್ತೇನೆ. ಮಗುವನ್ನು ಕೊಡುವುದು ನಿನ್ನ ಮಾತೋ, ಅವರ ಮಾತೋ? ಇಷ್ಟೇ ಹೇಳು. ನಿನ್ನದೇ ಅಂದರೆ ಬಾಯಿ ಮುಚ್ಚಿಕೊಂಡು ಪ್ರಿಂಟ್ ಹಾಕುತ್ತೇನೆ.

ಇತಿ,
ಅಪ್ಪ

*

ಏಪ್ರಿಲ್ ೧೯

ಅಪ್ಪನಿಗೆ ನಮಸ್ಕಾರ.

ಫೋಟೋ ಬಂತು. ನಿಮ್ಮ ಸ್ಟುಡಿಯೋದ ಫೋನಿಗೆ ಇವತ್ತೇ ಕಳಿಸಿದ್ದಾಯಿತು. ಕಣ್ಣು ಎರಡೂ ತೆರೆದಿವೆ, ಬಾಯಿ ಮುಚ್ಚಿದೆ, ಕೈ ಎಲ್ಲೂ ಕಾಣುವುದಿಲ್ಲ ಎಂದು ಟೈಲರಮ್ಮ ಹೇಳಿದರು. ಅವರೇ ಕಳಿಸಿದ್ದು. ಮಂಡಿಯೂರಿ ತೆಗೆದು ತೆಗೆದು ಅವರಿಗೆ ಮಂಡಿ ಹಿಡಿದುಕೊಂಡಿದೆ.

ಬಟ್ಟೆಯೊಳಗೆ ನಲವತ್ತು ನಿಮಿಷ ಕೂತಿದ್ದೆ. ಒಳಗೆ ಎಲ್ಲ ಬಿಳಿ, ಇಸ್ತ್ರಿಯ ವಾಸನೆ. ಹೊರಗೆ ಟೈಲರಮ್ಮ "ಸಾಹೇಬ್ರೇ, ಇಲ್ಲಿ, ಇಲ್ಲಿ" ಎನ್ನುತ್ತಿದ್ದರು. ಮಗುವಿನ ಬೆನ್ನು ನನ್ನ ಎರಡು ಅಂಗೈಯಷ್ಟೇ ಇದೆ. ಉಸಿರಾಡುವುದು ಕೈಗೆ ಗೊತ್ತಾಗುತ್ತಿತ್ತು. ಯಾರಿಗೂ ಕಾಣುವುದಿಲ್ಲವಲ್ಲ, ಇಲ್ಲಿ ಅತ್ತುಬಿಡಬಹುದು ಎಂದು ಯೋಚಿಸಿದೆ. ಸ್ವಲ್ಪ ಹೊತ್ತು ಕಾದೆ ಕೂಡ. ಅಳು ಬರಲಿಲ್ಲ.

ನೀವು ಕೇಳಿದ್ದಕ್ಕೆ ಉತ್ತರ. ಮಾತು ಅವರ ಅಕ್ಕ ಎತ್ತಿದ್ದು, ಹೂಂ ಎಂದಿದ್ದು ನಾನೇ. ಯಾರೂ ಒತ್ತಾಯ ಮಾಡಲಿಲ್ಲ. ಅಪ್ಪಾ, ನನಗೆ ಏನೂ ಅನಿಸುವುದಿಲ್ಲ. ಅಕ್ಟೋಬರಿನಲ್ಲಿ ಅವರು ಹೋದ ದಿನವೂ ಅನಿಸಲಿಲ್ಲ, ಮಗು ಹುಟ್ಟಿದ ದಿನವೂ ಅನಿಸಲಿಲ್ಲ. ಆಸ್ಪತ್ರೆಗೆ ನೀವು ಬಂದಾಗ ಗೋಡೆಯ ಕಡೆ ತಿರುಗಿ ಮಲಗಿದ್ದೆನಲ್ಲ, ನಿದ್ದೆ ಬಂದಿರಲಿಲ್ಲ. ಹಾಲು ಕುಡಿಸುತ್ತೇನೆ, ಬಟ್ಟೆ ಬದಲಿಸುತ್ತೇನೆ, ಎಲ್ಲ ಹೊತ್ತಿಗೆ ಸರಿಯಾಗಿ ಮಾಡುತ್ತೇನೆ. ಲ್ಯಾಬಿನಲ್ಲಿ ಬಾಟಲಿಗಳಿಗೂ ಹಾಗೇ ಮಾಡುತ್ತಿದ್ದೆ. ಏನೂ ಅನಿಸದವಳ ಹತ್ತಿರ ಮಗು ಯಾಕಿರಬೇಕು? ಅಲ್ಲಿ ಒಬ್ಬರು ಅವನಿಗಾಗಿ ಗೋಡೆಗೆ ಬಣ್ಣ ಹೊಡೆಸಿಕೊಂಡು ಕಾಯುತ್ತಿದ್ದಾರೆ.

ಇತಿ,
ಮಗಳು

*

ಏಪ್ರಿಲ್ ೨೫

ಚಿ. ಮೊಂಡಿಗೆ ಆಶೀರ್ವಾದ.

ಎಂಟು ಪ್ರಿಂಟ್ ಇಟ್ಟಿದ್ದೇನೆ. ಅಳತೆಯನ್ನು ಮೂರು ಸಲ ನೋಡಿದ್ದೇನೆ, ಈ ಸಲ ಯಾವ ಕೌಂಟರಿನವಳೂ ಕೊಂಕು ತೆಗೆಯುವ ಹಾಗಿಲ್ಲ. ಟೈಲರಮ್ಮನಿಗೆ ಹೇಳು, ಅವರು ಹೊಲಿಗೆ ಬಿಟ್ಟು ನಮ್ಮ ಕಸುಬಿಗೆ ಬರಬಹುದು. ಮುಖ ಸ್ವಲ್ಪ ಶುಚಿ ಮಾಡಿದ್ದೇನೆ. ನೋಡಿದರೆ ನಿನಗೇ ಖುಷಿಯಾಗುತ್ತದೆ.

ಬಾಯಿ ಮುಚ್ಚಿಕೊಂಡಿರುತ್ತೇನೆ ಎಂದಿದ್ದೆ, ಮುಚ್ಚಿಕೊಂಡಿದ್ದೇನೆ. ರಾತ್ರಿ ಊಟ ಸೇರಲಿಲ್ಲ, ಅಷ್ಟೇ.

ಇತಿ,
ಅಪ್ಪ

*

ಮೇ ೬

ಅಪ್ಪಾ,

ಯಾರು ಕೇಳಿದರು ನಿಮ್ಮನ್ನು? ಅವನ ಮುಖ ಶುಚಿ ಮಾಡಿ ಎಂದು ಯಾರು ಹೇಳಿದರು? ಅದೇನು ಕೊಳೆಯಾಗಿತ್ತೇ?

ಈ ಸಲ ಮಗುವನ್ನೂ ಕರೆತನ್ನಿ, ಫೋಟೋ ಜೊತೆ ಹೋಲಿಸಿ ನೋಡಬೇಕು ಎಂದು ಕಚೇರಿಯಲ್ಲಿ ಹೇಳಿದ್ದರು. ನಿಮ್ಮ ಲಕೋಟೆಯನ್ನು ನಾನು ಒಡೆದು ನೋಡಿರಲಿಲ್ಲ, ಹಾಗೇ ಅರ್ಜಿಯೊಳಗಿಟ್ಟುಕೊಂಡು ಹೋಗಿದ್ದೆ. ಆ ಹೆಂಗಸು ಫೋಟೋ ನೋಡಿದರು, ಮಗುವನ್ನು ನೋಡಿದರು, ಮತ್ತೆ ಫೋಟೋ ನೋಡಿದರು. "ಇದು ಈ ಮಗು ಅಲ್ವಲ್ಲ" ಎಂದರು.

ನಾನು ಫೋಟೋ ಕೈಗೆ ತೆಗೆದುಕೊಂಡೆ. ಎಡಗಣ್ಣಿನ ಮೇಲೆ ಕೆಂಪು ಮಚ್ಚೆ ಇಲ್ಲ. ಹುಬ್ಬಿನಿಂದ ರೆಪ್ಪೆಯವರೆಗೆ ಹರಡಿದೆಯಲ್ಲ, ಹುಟ್ಟಿದಾಗಿನಿಂದ ಇದೆಯಲ್ಲ, ಅದು ಇಲ್ಲವೇ ಇಲ್ಲ. ಗಂಟಿಕ್ಕಿದ ಹುಬ್ಬಿನ ನಡುವಿನ ಗೆರೆಯೂ ಇಲ್ಲ. ಯಾವುದೋ ಡಬ್ಬದ ಮೇಲಿನ ಮಗು. ಅದರಲ್ಲಿ ನಾನು ಅವನನ್ನು ಹುಡುಕಿದೆ. ಎಲ್ಲೂ ಇರಲಿಲ್ಲ. ಮಗುವನ್ನು ಎತ್ತಿ ಆ ಹೆಂಗಸಿನ ಮುಖದ ಮುಂದೆ ಹಿಡಿದು, "ಇವನೇ! ಇವನೇ ನನ್ನ ಮಗ, ಸರಿಯಾಗಿ ನೋಡಿ!" ಎಂದು ಕಿರುಚಿದೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವರದ್ದೇನು ತಪ್ಪು ಪಾಪ. ಅವರು ಸರಿಯಾಗಿ ನೋಡಿದ್ದಕ್ಕೇ ಸಿಕ್ಕಿಬಿದ್ದಿದ್ದು.

ನಮ್ಮವರನ್ನೂ ನೀವು ಹೀಗೇ ಮಾಡಿದಿರಿ. ನವೆಂಬರಿನಲ್ಲಿ ಕಾಗದ ಬಿಚ್ಚಿದೆ, ಒಳಗೆ ಯಾರೋ ಇದ್ದರು. ಇಪ್ಪತ್ತು ವರ್ಷ ವಾಚ್ ರಿಪೇರಿಯ ಭೂತಗನ್ನಡಿ ಸಿಕ್ಕಿಸಿಕೊಂಡು ಅವರ ಬಲಗಣ್ಣಿನ ಸುತ್ತ ಒಂದು ಗುಂಡನೆಯ ಗುರುತು ಬಿದ್ದಿತ್ತು. ಸ್ನಾನ ಮಾಡಿದರೂ ಹೋಗುತ್ತಿರಲಿಲ್ಲ, ಮಲಗಿ ಎದ್ದರೂ ಹೋಗುತ್ತಿರಲಿಲ್ಲ. ನೀವು ಅದನ್ನು ಅಳಿಸಿದ್ದಿರಿ. ಕೆನ್ನೆಯ ಕಲೆ ಅಳಿಸಿದ್ದಿರಿ, ಬಣ್ಣ ಬೇರೆ ಬೆಳ್ಳಗೆ ಮಾಡಿದ್ದಿರಿ. ನನ್ನ ಹತ್ತಿರ ಇನ್ನೇನು ಉಳಿದಿತ್ತು ಹೇಳಿ? ಆ ಫೋಟೋವನ್ನು ಬೀರುವಿನ ಹಿಂದೆ ಗೋಡೆಗೆ ಮುಖ ಮಾಡಿ ಇಟ್ಟಿದ್ದೇನೆ. ನಾಲ್ಕು ತಿಂಗಳು ನಿಮಗೆ ಯಾಕೆ ಬರೆಯಲಿಲ್ಲ ಎಂದು ಈಗ ಗೊತ್ತಾಯಿತಲ್ಲ.

ಮುಟ್ಟದ ಪ್ರಿಂಟ್ ಕಳಿಸಿ. ಒಂದು ಚುಕ್ಕೆಯನ್ನೂ ಮುಟ್ಟಬೇಡಿ.

ಮಗಳು

*

ಮೇ ೧೧

ಚಿ. ಮಗಳಿಗೆ,

ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರಲ್ಲ, ಉಣ್ಣುತ್ತಿದ್ದೇನೆ.

ಅದು ಮಚ್ಚೆ ಎಂದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆಯಬಹುದಿತ್ತು, ಆಸ್ಪತ್ರೆಯಲ್ಲಿ ಮಗುವಿನ ಟೋಪಿ ಕಣ್ಣಿನವರೆಗೆ ಇಳಿದಿತ್ತು, ನೀನು ನಂಬುತ್ತಿದ್ದೆ. ಆದರೆ ಗೊತ್ತಿತ್ತು. ಮೊದಲು ನೆಗೆಟಿವ್ ಮೇಲೆ ಪೆನ್ಸಿಲಿನಲ್ಲಿ, ಈಗ ಕಂಪ್ಯೂಟರಿನಲ್ಲಿ, ನಲವತ್ತೊಂದು ವರ್ಷ ಟಚಿಂಗ್ ಮಾಡಿದ್ದೇನೆ. ಮೊಡವೆ, ಸುಕ್ಕು, ಮಚ್ಚೆ, ಗಾಯದ ಗುರುತು. ಜನ ಬಂದು "ಸ್ವಲ್ಪ ನೋಡಿ ಮಾಡಿ" ಎನ್ನುವ ಮೊದಲೇ ನನ್ನ ಕೈ ಮಾಡಿಬಿಡುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಹೇಳಿ ತಪ್ಪಿಸಿಕೊಳ್ಳುವುದಿಲ್ಲ. ಅಳಿಯಂದಿರ ಫೋಟೋಗೆ ಮೂರು ದಿನ ಕೂತಿದ್ದೆ. ನಿನಗೆ ಏನಾದರೂ ಮಾಡಬೇಕಿತ್ತು, ನನಗೆ ಬರುವುದು ಅದೊಂದೇ. ಪ್ರೀತಿಯಿಂದಲೇ ಅಳಿಸಿದೆ ಮಗಳೇ. ತಪ್ಪಾಯಿತು.

ಸಾಹೇಬರ ಪ್ರಿಂಟು ಎಂಟು ಇವೆ, ಬಂದ ಹಾಗೇ ಹಾಕಿದ್ದೇನೆ. ಇನ್ನೊಂದು ಸಣ್ಣ ಲಕೋಟೆ ಇದೆ. ಅದರಲ್ಲಿ ಅಳಿಯಂದಿರದ್ದು, ಅದೂ ಬಂದ ಹಾಗೇ. ಇವತ್ತೇ ಒಡೆಯಬೇಕೆಂದಿಲ್ಲ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಏನೂ ಅನಿಸುವುದಿಲ್ಲ ಎಂದು ಏಪ್ರಿಲಿನಲ್ಲಿ ಬರೆದವಳು ಮೇ ತಿಂಗಳಲ್ಲಿ ನನಗೆ ಎರಡು ಪುಟ ಬೈದಿದ್ದೀಯ. ಕೊನೆಯಲ್ಲಿ ಇತಿ ಎನ್ನುವುದನ್ನೂ ಮರೆತಿದ್ದೀಯ. ಆ ಪತ್ರವನ್ನು ನಾಲ್ಕು ಸಲ ಓದಿದೆ. ಬೈಸಿಕೊಂಡು ಇಷ್ಟು ಸಮಾಧಾನವಾಗಿದ್ದು ನನಗೆ ಇದೇ ಮೊದಲು.

ಇತಿ,
ಅಪ್ಪ

*

ಮೇ ೩೦

ಚಿ. ಮಗಳಿಗೆ,

ಪ್ರಿಂಟ್ ತಲುಪಿತೇ? ಅರ್ಜಿ ತೆಗೆದುಕೊಂಡರೇ? ಒಂದು ಸಾಲು ಬರೆ. ಬೈದರೂ ಸರಿ.

ಅಪ್ಪ

*

ಜೂನ್ ೨೧

ಅಪ್ಪನಿಗೆ ನಮಸ್ಕಾರ.

ತಡವಾಗಿ ಬರೆಯುತ್ತಿದ್ದೇನೆ. ಮೇ ಹದಿನೆಂಟಕ್ಕೆ ಅರ್ಜಿ ತೆಗೆದುಕೊಂಡರು. ಆ ಹೆಂಗಸು ಫೋಟೋ ನೋಡಿ, "ಈಗ ಸರಿಯಾಯ್ತು ನೋಡಿ" ಎಂದು ಠಸ್ಸೆ ಒತ್ತಿದರು. ಹೋದ ವಾರ ಪಾಸ್‌ಪೋರ್ಟ್ ಬಂತು. ಒಳಗೆ ಮಗು ಹುಬ್ಬು ಗಂಟಿಕ್ಕಿಕೊಂಡು ಕೂತಿದೆ, ಮಚ್ಚೆ ಇದೆ. ನಿಮ್ಮ ಸಣ್ಣ ಲಕೋಟೆಯನ್ನೂ ಒಡೆದೆ. ಅದರ ಬಗ್ಗೆ ಈಗ ಬರೆಯಲಾರೆ.

ಅವರ ಅಕ್ಕ ನಿನ್ನೆ ಬೆಳಿಗ್ಗೆ ಬಂದರು. ನಾನು ಬೇಡ ಎಂದು ಹೇಳಿರಲಿಲ್ಲ. ಒಂದು ಸಲ ಕೋಪ ಬಂದ ಮಾತ್ರಕ್ಕೆ ಒಬ್ಬಳು ತಾಯಿಯಾಗುತ್ತಾಳೆಯೇ ಎಂದು ಅನುಮಾನವಿತ್ತು. ಅವರು ಪಡುತ್ತಿದ್ದ ಸಂಭ್ರಮ ನನಗೆ ಬರುತ್ತಿರಲಿಲ್ಲ. ಮಗುವಿನ ಬಟ್ಟೆಯೆಲ್ಲ ಒಗೆದು ಮಡಿಸಿ ಚೀಲದಲ್ಲಿಟ್ಟಿದ್ದೆ. ಟೈಲರಮ್ಮ ಆರು ಜುಬ್ಬ ಹೊಲಿದು ತಂದುಕೊಟ್ಟರು, ನನ್ನ ಮುಖ ನೋಡದೆ ಕೆಳಗೆ ಹೋದರು.

ಅಕ್ಕ ಮಗುವನ್ನು ಎತ್ತಿಕೊಳ್ಳುವ ಮೊದಲು ಕೈ ತೊಳೆದುಕೊಂಡು ಬಂದರು. ಮಚ್ಚೆ ನೋಡಿ, "ಅಯ್ಯೋ, ನಮ್ಮ ಕಂದ ಎಲ್ಲಿ ಕುಂಕುಮ ಮೆತ್ತಿಕೊಂಡ?" ಎಂದು ನಕ್ಕರು. ಅವರ ಮೇಲೆ ಕೋಪ ಮಾಡಿಕೊಳ್ಳಲು ಏನೂ ಇಲ್ಲ ಅಪ್ಪಾ. ಇದ್ದಿದ್ದರೆ ಸುಲಭವಾಗುತ್ತಿತ್ತು.

ಮಧ್ಯಾಹ್ನ ಮಗು ಮಲಗಿದ ಮೇಲೆ ಅವರು ಒಂದು ಹೊಸ ನೋಟ್‌ಬುಕ್ ತೆಗೆದರು. "ಹೇಳು, ಎಲ್ಲ ಬರ್ಕೋತೀನಿ. ನಂಗೆ ಏನೂ ಗೊತ್ತಿಲ್ಲ ನೋಡು, ಒಂದೂ ಬಿಡ್ಬೇಡ" ಎಂದರು. ನಾನು ಹೇಳತೊಡಗಿದೆ. ಹಾಲು ಎಷ್ಟು ಹೊತ್ತಿಗೊಮ್ಮೆ, ಯಾವ ಹೆಗಲಿಗೆ ಹಾಕಿಕೊಂಡರೆ ತೇಗು ಬರುತ್ತದೆ. ಅದು ಒಂದು ಪುಟ ಆಯಿತು. ನಿದ್ದೆ ಬಂದರೆ ಕಣ್ಣು ಉಜ್ಜುವುದಿಲ್ಲ, ಎಡಗಿವಿ ಹಿಡಿದುಕೊಳ್ಳುತ್ತಾನೆ. ಹಸಿವಿನ ಅಳು ಕೆಳಗಿನ ಸ್ವರದಿಂದ ಶುರುವಾಗುತ್ತದೆ, ಹೊಟ್ಟೆನೋವಿನದು ಒಮ್ಮೆಲೇ ಮೇಲಿನಿಂದ. ಮಿಕ್ಸಿ ಸದ್ದಿಗೆ ಹೆದರುವುದಿಲ್ಲ, ಪ್ಲಾಸ್ಟಿಕ್ ಚೀಲದ ಸದ್ದಿಗೆ ಹೆದರುತ್ತಾನೆ. ಹೊಲಿಗೆ ಯಂತ್ರದ ಸದ್ದಾದರೆ ಮಲಗುತ್ತಾನೆ. ಸ್ನಾನದ ನೀರು ಮೊದಲು ಕಾಲಿಗೆ ಹಾಕಬೇಕು, ತಲೆಗೆ ಹಾಕಿದರೆ ಉಸಿರು ಕಟ್ಟುತ್ತಾನೆ. ಅಳುವಾಗ ಮಚ್ಚೆ ಕಡುಗೆಂಪಾಗುತ್ತದೆ, ಹೆದರಬೇಡಿ, ಐದು ನಿಮಿಷಕ್ಕೆ ಇಳಿಯುತ್ತದೆ. ನಗು ಬರುವ ಮೊದಲು ಬಲಗಾಲಿನ ಹೆಬ್ಬೆರಳು ಅಲುಗುತ್ತದೆ, ಆಗಲೇ ಅವನ ಕಡೆ ನೋಡಬೇಕು, ತಡ ಮಾಡಿದರೆ ನಗು ಹೋಗಿಬಿಡುತ್ತದೆ.

ಅವರು ಬರೆಯುತ್ತಲೇ ಇದ್ದರು. ಪುಟ ತಿರುಗಿಸುತ್ತಲೇ ಇದ್ದರು. ನಾನು ಹೇಳುವುದು ಮುಗಿಯುತ್ತಲೇ ಇರಲಿಲ್ಲ. ಇದೆಲ್ಲ ಯಾವಾಗ ನೋಡಿದೆ, ಯಾರು ನೋಡಿದರು ಎಂದು ನನಗೇ ಗೊತ್ತಾಗಲಿಲ್ಲ. ಏಳನೆಯ ಪುಟದ ಮಧ್ಯದಲ್ಲಿ ನನ್ನ ಮಾತು ನಿಂತಿತು. "ಹೂಂ, ಆಮೇಲೆ?" ಎಂದು ಅವರು ತಲೆ ಎತ್ತದೆ ಕೇಳಿದರು.

"ಬರೀಬೇಡಿ ಅಕ್ಕಾ" ಎಂದೆ.

ಅವರ ಪೆನ್ನು ಹಾಳೆಯ ಮೇಲೆ ಹಾಗೇ ನಿಂತಿತು. ತಲೆ ಎತ್ತಲಿಲ್ಲ. "ನಾನು ಕೋಣೆಗೆ ಬಣ್ಣ ಹೊಡೆಸಿದೀನಲ್ಲೇ" ಎಂದರು. ಪೆನ್ನಿಗೆ ಮುಚ್ಚಳ ಹಾಕಲು ಹೋದರು, ಅದು ಕೂರಲಿಲ್ಲ. ನಾನೇ ತೆಗೆದುಕೊಂಡು ಹಾಕಿಕೊಟ್ಟೆ.

ಅವರು ನಾಳೆ ಒಬ್ಬರೇ ಹೊರಡುತ್ತಾರೆ. ಈಗ ಪಕ್ಕದ ಕೋಣೆಯಲ್ಲಿ ಅಳುತ್ತಿದ್ದಾರೆ, ಗೋಡೆಯಾಚೆಗೆ ಕೇಳುತ್ತಿದೆ. ನಾನು ಮಾಡಿದ್ದು ಸರಿಯೋ ತಪ್ಪೋ ಗೊತ್ತಿಲ್ಲ. ನನಗೆ ಈಗಲೂ ಹೆಚ್ಚೇನೂ ಅನಿಸುತ್ತಿಲ್ಲ ಅಪ್ಪಾ. ಮಗು ಎದ್ದಿದೆ, ಎಡಗಿವಿ ಹಿಡಿದುಕೊಂಡಿಲ್ಲ, ಹಾಗಾಗಿ ಇನ್ನು ಮಲಗುವುದಿಲ್ಲ. ಬಲಗಾಲಿನ ಹೆಬ್ಬೆರಳು ಅಲುಗುತ್ತಿದೆ, ಪತ್ರ ನಿಲ್ಲಿಸುತ್ತೇನೆ.

ಇತಿ,
ಮಗಳು